ಕಾಳನ ಕೈಚಳಕ

ಅಕ್ಕನ ಚಿನ್ನವನ್ನೂ ಬಿಡದವನು ಅಕ್ಕಸಾಲಿ ಎಂಬ ಗಾದೆಯನ್ನು ಮಂಜುನಾಥಾಚಾರಿಯವರು ಬುದ್ಧಿ ಬಂದಾಗಿನಿಂದ ಕೇಳಿಕೊಂಡೇ ಬಂದಿದ್ದರು. ನಾಗಮಂಗಲದ ಪೇಟೆ ಬೀದಿಯ ಅವರ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಅದನ್ನು ನಗುನಗುತ್ತ ಹೇಳುತ್ತಿದ್ದರು. ಇನ್ನರ್ಧ ಜನ ಹೇಳದೆ ಮನಸ್ಸಿನಲ್ಲಿಟ್ಟುಕೊಂಡು, ಚಿನ್ನ ಕರಗುವ ಮೂಸೆಯ ಮೇಲಿಂದ ಕಣ್ಣು ಕೀಳದೆ ಕೂತಿರುತ್ತಿದ್ದರು. ಹಾಗಾಗಿ ಮಗ ಶ್ರೀನಾಥ ತನ್ನ ಭಾನುವಾರದ ಆಟಕ್ಕೆ ಅಪ್ಪನನ್ನೂ ಸೇರಿಸಿಕೊಂಡು, ನಿನಗೆ ಯಾವ ಪಾತ್ರ ಬೇಕು, ವೀರನೋ ಮಂತ್ರವಾದಿಯೋ ಎಂದು ಕೇಳಿದಾಗ ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಕಳ್ಳ ಎಂದುಬಿಟ್ಟರು. ಜೀವಮಾನವಿಡೀ ಕದಿಯದೆಯೇ ಹೆಸರು ಹೊತ್ತಿದ್ದಾಯಿತು, ಒಂದು ಸಲವಾದರೂ ಕದ್ದು ಹೊರೋಣ ಎಂಬುದು ಅವರ ನ್ಯಾಯ.

ಆ ಆಟವೆಂದರೆ ಇಸ್ಪೀಟಲ್ಲ, ಚೌಕಾಬಾರವೂ ಅಲ್ಲ. ಮೇಜಿನ ಸುತ್ತ ಮೂರ್ನಾಲ್ಕು ಜನ ಕೂತು ಬಾಯಲ್ಲೇ ಕಥೆ ಕಟ್ಟಿಕೊಂಡು ಹೋಗುವುದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲೆಗೊಂದು ಪಾತ್ರ ಹಿಡಿಯುತ್ತಾರೆ. ಮುಂದೆ ಹೊಳೆ ಅಡ್ಡ ಬಂತು ಎಂದು ಅವನು ಹೇಳಿದರೆ ಈಜುತ್ತೀರೋ, ತೆಪ್ಪ ಕಟ್ಟುತ್ತೀರೋ, ದಡದಲ್ಲಿ ಕೂತು ಅಳುತ್ತೀರೋ, ಅದು ನಿಮಗೆ ಬಿಟ್ಟದ್ದು. ಪ್ರತಿ ಪಾತ್ರಕ್ಕೂ ಬಲ, ಬುದ್ಧಿ, ಕೈಚಳಕ, ಮಾತುಗಾರಿಕೆ ಎಂದು ಇಂತಿಷ್ಟು ಅಂಕ. ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆಗೆ ಪಾತ್ರದ ಅಂಕ ಜೊತೆಗೂಡಿ, ಕಥೆ ನಡೆಸುವವನು ಇಟ್ಟ ಸಂಖ್ಯೆಗಿಂತ ದೊಡ್ಡದಾದರೆ ಕೆಲಸ ಗೆದ್ದಿತು, ಇಲ್ಲವಾದರೆ ಕೆಟ್ಟಿತು. ಶ್ರೀನಾಥ ಇದನ್ನು ಕಲಿತದ್ದು ಶ್ರೀರಂಗಪಟ್ಟಣದಲ್ಲಿ ಡಿಪ್ಲೊಮಾ ಓದುವಾಗ, ಬಾಡಿಗೆ ರೂಮಿನ ಗೆಳೆಯರಿಂದ. ಡಿಪ್ಲೊಮಾ ಅರ್ಧಕ್ಕೆ ನಿಂತಿತು, ಆಟ ನಿಲ್ಲಲಿಲ್ಲ. ಊರಿಗೆ ಬಂದು ಅಪ್ಪನ ಜೊತೆ ಚಿನ್ನದ ಕೆಲಸಕ್ಕೆ ಕೂತ ಮೇಲೆ, ಇಂಗ್ಲಿಷಿನ ದಪ್ಪ ಪುಸ್ತಕದ ನಿಯಮಗಳನ್ನೆಲ್ಲ ಕನ್ನಡಕ್ಕೆ ಇಳಿಸಿಕೊಂಡು, ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಆಡಿಸತೊಡಗಿದ. ಮೂಡಲಪಾಯ ಯಕ್ಷಗಾನದ ಆಟದಲ್ಲಿ ಎಲ್ಲರನ್ನೂ ಕುಣಿಸುವವನು ಭಾಗವತ ತಾನೆ, ಹಾಗಾಗಿ ಇವನಿಗೂ ಭಾಗವತನೆಂದೇ ಹೆಸರು ಬಿತ್ತು.

ಮೊದಮೊದಲು ಆಡುವವರು ಇದ್ದದ್ದು ಇಬ್ಬರೇ. ಪವಿತ್ರ ಪಾಂಡವಪುರದ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಭಾನುವಾರ ಸಂಜೆಯ ಹಾಲು ಅಳೆಯುವುದನ್ನು ನಾದಿನಿಗೆ ಒಪ್ಪಿಸಿ ಬಸ್ಸು ಹಿಡಿದು ಬರುತ್ತಿದ್ದಳು. ದಿಲೀಪ ಹೊಣಕೆರೆಯ ಗೌಡರ ಮನೆಯ ಹುಡುಗ, ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು, ಶ್ರೀನಾಥನಿಗೆ ಹೈಸ್ಕೂಲಿನ ಗೆಳೆಯ. ಆಚಾರ್ರು ಮೂರನೆಯವರಾಗಿ ಬಂದದ್ದು ದಾಳದ ದೆಸೆಯಿಂದ. ಅಂಚೆಯಲ್ಲಿ ತರಿಸಿದ್ದ ಪ್ಲಾಸ್ಟಿಕ್ ದಾಳವನ್ನು ಕಂಡು ಅವರಿಗೆ ತಡೆಯಲಾಗದೆ, ಇದೂ ಒಂದು ಕೆಲಸವೇ ಎಂದು ಬೈದು, ಹಿತ್ತಾಳೆಯ ಗುಂಡನ್ನು ಅರದಿಂದ ಉಜ್ಜಿ ಉಜ್ಜಿ ಇಪ್ಪತ್ತು ಮುಖ ತೆಗೆದುಕೊಟ್ಟರು. ಕೊಟ್ಟ ಮೇಲೆ, ಇದನ್ನಿಟ್ಟುಕೊಂಡು ಅದೇನು ಮಾಡುತ್ತಾರೋ ನೋಡೋಣ ಎಂದು ಕೂತವರು ಮತ್ತೆ ಏಳಲೇ ಇಲ್ಲ.

ಪುಸ್ತಕದಲ್ಲಿ ಇದ್ದ ಹಾಗೆಯೇ ಪಾತ್ರ ಹಿಡಿಯಬೇಕು ಎಂಬ ಹಟ ಶ್ರೀನಾಥನಿಗೆ ಇರಲಿಲ್ಲ. ಸಾರು ಎಲ್ಲರ ಮನೆಯಲ್ಲೂ ಸಾರೇ, ಉಪ್ಪು ಹುಳಿ ಅವರವರ ನಾಲಿಗೆಗೆ ತಕ್ಕಂತೆ. ಪುಸ್ತಕದ ಮಂತ್ರವಾದಿ ಬೆಂಕಿಯ ಉಂಡೆ ಎಸೆಯುತ್ತಿದ್ದ. ಹುಲ್ಲಿನ ಬಣವೆ ಹತ್ತಿ ಉರಿದದ್ದನ್ನು ಕಣ್ಣಾರೆ ಕಂಡಿದ್ದ ಪವಿತ್ರ, ಬೆಂಕಿ ಬೇಡವೇ ಬೇಡ ಎಂದು, ನಾಲೆಯ ತೂಬು ಎತ್ತಿದಂತೆ ನೀರು ನುಗ್ಗಿಸುವ ವಿದ್ಯೆಯನ್ನು ತನ್ನ ಮಂತ್ರವಾದಿನಿಗೆ ಇಟ್ಟುಕೊಂಡಳು. ದಿಲೀಪ ತನ್ನ ವೀರನ ಕುದುರೆಯನ್ನು ಬಿಟ್ಟು, ಹೇಮಗಿರಿಯ ದನಗಳ ಪರಿಷೆಯಲ್ಲಿ ತಾನು ಆಸೆಪಟ್ಟು ನೋಡಿಬಂದಂಥ ಜೋಡಿ ಎತ್ತು ಕಟ್ಟಿಕೊಂಡ. ರಾಕ್ಷಸರ ಮೇಲೆ ಎತ್ತಿನಗಾಡಿಯಲ್ಲಿ ದಂಡೆತ್ತಿ ಹೋದ ವೀರ ಲೋಕದಲ್ಲಿ ಇನ್ನೊಬ್ಬನಿರಲಾರ. ಹೀಗೆ ಬದಲಾಯಿಸಿಕೊಳ್ಳಲು ಭಾಗವತ ಇಟ್ಟಿದ್ದ ಕಟ್ಟುಪಾಡು ಇಷ್ಟೆ: ಒಂದನ್ನು ಬಿಟ್ಟು ಒಂದನ್ನು ತೆಗೆದುಕೊಳ್ಳಬೇಕು, ಯಾಕೆಂದು ಕಥೆಗೆ ಒಪ್ಪುವ ಕಾರಣ ಹೇಳಬೇಕು. ಆಚಾರ್ರು ತಮ್ಮ ಕಳ್ಳನಿಗೆ ಕತ್ತಲೆ ಕಾಳ ಎಂದು ಹೆಸರಿಟ್ಟು, ಕೂತು ಕೆಲಸ ಮಾಡುವವನು ಎಲ್ಲಿಂದ ಓಡಿಯಾನು ಎಂದು ಅವನ ಓಟವನ್ನೂ ಬಲವನ್ನೂ ಬಿಟ್ಟುಕೊಟ್ಟು, ಇದ್ದ ಅಂಕವನ್ನೆಲ್ಲ ಕೈಚಳಕಕ್ಕೆ ಸುರಿದಿದ್ದರು. ಕಾಳ ಮುಟ್ಟಿದರೆ ತೆರೆಯದ ಬೀಗವಿರಲಿಲ್ಲ. ಅವನಿಗೆ ಕೈಚಳಕ ಹದಿನೆಂಟು, ಉಳಿದ ಯಾರಿಗೂ ಯಾವುದರಲ್ಲೂ ಅಷ್ಟಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಆಟ ಶುರುವಾಗುವ ಮುಂಚೆ ಆಚಾರ್ರು, ಹೇಳಬೇಕೋ ಬೇಡವೋ ಎಂಬಂತೆ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಒಂದು ಮಾತು ತೆಗೆದರು.

“ಸೀನ, ಕಾಳುನ್ ಕೈಚಳಕ ಹದಿನೆಂಟೈತಲ್ಲ. ಅದ ಎಂಟಕ್ಕಿಳ್ಸ್ಬುಡು.”

ದಿಲೀಪ ನಕ್ಕುಬಿಟ್ಟ. ಶ್ರೀನಾಥನೂ ನಕ್ಕ. ಅಂಕವೆಂದರೆ ಎಲ್ಲರೂ ಏರಿಸಿಕೊಳ್ಳಲು ಬರುತ್ತಾರೆ, ಇಳಿಸು ಎಂದವರನ್ನು ಅವನು ಕಂಡಿರಲಿಲ್ಲ. ಬದಲಿಗೆ ಏನು ತೆಗೆದುಕೊಳ್ಳುತ್ತೀಯ ಎಂದು ಕೇಳಿದ. ಏನೂ ಬೇಡ ಎಂದರು ಆಚಾರ್ರು. ಕಾರಣವೇನು ಎಂದು ಕೇಳಿದ. ಕಾಳನಿಗೆ ವಯಸ್ಸಾಯಿತು ಎಂದರು. ಕೈ ಬಾರದ ಕಳ್ಳ ಮಳೆಗಾಲದಲ್ಲಿ ಐಸ್‌ಕ್ಯಾಂಡಿ ಮಾರುವವನಿದ್ದ ಹಾಗೆ ಎಂದು ದಿಲೀಪ ತಮಾಷೆ ಮಾಡಿದ. ಪವಿತ್ರ ಮಾತ್ರ ನಗದೆ ಆಚಾರ್ರ ಮುಖ ನೋಡಿದಳು.

ಶ್ರೀನಾಥನಿಗೆ ನಗು ಇಳಿದ ಮೇಲೆ ಸಿಟ್ಟು ಬಂತು. ಅದಕ್ಕೆ ಕಾರಣವೂ ಇತ್ತು. ಮುಂದಿನ ಭಾನುವಾರಕ್ಕೆಂದು ಅವನು ತಿಂಗಳಿನಿಂದ ಕಥೆ ಹೆಣೆಯುತ್ತಿದ್ದ. ಬೆಟ್ಟದ ಕೆಳಗಿನ ಹಳೆಯ ಭಂಡಾರ, ಅದರ ಬಾಗಿಲಿಗೆ ಮೂರು ಸುತ್ತಿನ ಬೀಗ, ಅದನ್ನು ತೆರೆಯಲು ಕಾಳನೊಬ್ಬನಿಂದಲೇ ಆಗಬೇಕು. ಅಪ್ಪನಿಗೆಂದೇ ಮಾಡಿದ ಬೀಗ ಅದು. ಇಡೀ ವಾರ ಚಿನ್ನದ ಕೆಲಸದಲ್ಲಿ ತಪ್ಪು ಹುಡುಕುವ ಅಪ್ಪ ಭಾನುವಾರವೊಂದು ದಿನ ತನ್ನ ಕೆಲಸವನ್ನು ಮೆಚ್ಚಲಿ ಎಂಬ ಆಸೆ, ಯಾರಿಗೂ ಹೇಳಿಕೊಂಡಿರಲಿಲ್ಲ. ಈಗ ನೋಡಿದರೆ ಕಳ್ಳನ ಕೈಯನ್ನೇ ಕತ್ತರಿಸು ಎನ್ನುತ್ತಿದ್ದಾರೆ. ಆಟವನ್ನು ಅಣಕಿಸುತ್ತಿದ್ದಾರೆ ಎಂದೇ ಅವನಿಗೆ ಅನ್ನಿಸಿತು. ಬದಲಿಗೆ ಏನನ್ನೂ ತೆಗೆದುಕೊಳ್ಳದೆ ಬಿಟ್ಟುಕೊಡಲು ನಿಯಮವಿಲ್ಲ, ಬೇಕಾದರೆ ಭಂಡಾರದ ಕಥೆ ಮುಗಿದ ಮೇಲೆ ನೋಡೋಣ ಎಂದ. ಆಚಾರ್ರು ಆಗಲಿ ಎಂದರು.

ಅಂಗಡಿಯಲ್ಲಿ ಆಗುತ್ತಿದ್ದದ್ದು ಅವನ ಕಣ್ಣೆದುರಿಗೇ ಇತ್ತು, ಆದರೆ ಅವನು ಅದನ್ನು ತನಗೆ ಬೇಕಾದ ಹಾಗೆ ಓದಿಕೊಂಡಿದ್ದ. ಯುಗಾದಿಯಿಂದ ಈಚೆಗೆ ಬೆಸುಗೆಯ ಕೆಲಸವನ್ನೆಲ್ಲ ಅಪ್ಪ ಅವನ ಕಡೆ ಸರಿಸುತ್ತಿದ್ದರು. ಓಲೆಗೆ ಹರಳು ಕೂರಿಸುವುದು, ಸರದ ಕೊಂಡಿ, ಮೂಗುಬೊಟ್ಟಿನ ತಿರುಪು, ಯಾವುದು ಬಂದರೂ ನೀನೇ ಮಾಡು. ಅಪ್ಪನಿಗೆ ಕೊನೆಗೂ ತನ್ನ ಮೇಲೆ ನಂಬಿಕೆ ಬಂತು ಎಂದು ಶ್ರೀನಾಥ ಒಳಗೊಳಗೇ ಬೀಗಿದ್ದ. ತಾಳಿಯ ಕೆಲಸವೊಂದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ, ಬೇಸಿಗೆಯ ಮದುವೆಗಳ ತಾಳಿಯನ್ನೆಲ್ಲ ಒಬ್ಬರೇ ಮಾಡಿ ಮುಗಿಸಿದ್ದರು. ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿದಿತ್ತು. ವಯಸ್ಸಾದ ಮೇಲೆ ನಯ ಹೆಚ್ಚುತ್ತದೆ ಎಂದು ಅವನು ಅದಕ್ಕೂ ಒಂದು ಒಳ್ಳೆಯ ಅರ್ಥ ಕೊಟ್ಟುಕೊಂಡಿದ್ದ.

ತಾಳಿಯ ವಿಷಯ ಆ ಮನೆಯಲ್ಲಿ ಬೇರೆಯೇ. ಗಂಡಿನ ಕಡೆಯವರು ಒಳ್ಳೆಯ ದಿನ ನೋಡಿ, ಅಕ್ಕಿ ಬೆಲ್ಲ ಎಲೆ ಅಡಿಕೆಯ ತಟ್ಟೆಯ ಜೊತೆ ಚಿನ್ನ ತಂದು ಕೊಟ್ಟು, ಎದುರಿಗೇ ಕೂತು ಮಾಡಿಸಿಕೊಂಡು ಹೋಗಬೇಕು. ಮೊದಲ ಏಟು ಹಾಕಿದ ಕೈಯೇ ಕೊನೆಯ ಹೊಳಪು ಕೊಡಬೇಕು, ನಡುವೆ ಇನ್ನೊಂದು ಕೈ ಸೋಕಬಾರದು. ಒಂದೇ ಕೈಯ ತಾಳಿ ಎಂದೇ ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಹೆಸರು. ಆ ಕೈ ಮನೆಯ ಹಿರಿಯನದೇ ಆಗಿರಬೇಕು. ಆಚಾರ್ರು ಮೊದಲ ತಾಳಿಗೆ ಕೂತದ್ದು ಅವರ ಅಪ್ಪನ ತಿಥಿ ಕಳೆದ ಮೇಲೆ, ಆ ಅಪ್ಪ ಕೂತದ್ದು ಅವರಪ್ಪ ಹೋದ ಮೇಲೆ. ಬದುಕಿರುವ ಕೈಯಿಂದ ಬದುಕಿರುವ ಕೈಗೆ ಆ ಕೆಲಸ ಬಂದದ್ದನ್ನು ಆ ಮನೆ ಕಂಡೇ ಇರಲಿಲ್ಲ.

ಶ್ರೀನಾಥನಿಗೆ ಅಪ್ಪ ತಾಳಿ ಮಾಡುವ ಮಣೆಯ ಮೇಲೆ ಕೂರುವ ಆಸೆ ಮೀಸೆ ಬಂದಾಗಿನಿಂದ ಇತ್ತು. ಅಪ್ಪ ಸಾಯಲಿ ಎಂಬ ಆಸೆಯೂ ಅದರ ಜೊತೆಗೇ ಬರುತ್ತದಲ್ಲ ಎಂದು ಹೊಳೆದಾಗಲೆಲ್ಲ ಹೆದರಿ ಬೇರೆ ಯೋಚನೆಗೆ ಓಡುತ್ತಿದ್ದ.

ಭಂಡಾರದ ಭಾನುವಾರ ಕಳೆದ ಬುಧವಾರಕ್ಕೆ ಮಾಡಬೇಕಾಗಿದ್ದ ತಾಳಿ ಬೇರೆ ಯಾರದೂ ಅಲ್ಲ, ದಿಲೀಪನ ಮದುವೆಯದು. ಹುಡುಗಿ ಅರ್ಪಿತ, ಕೆ.ಆರ್. ಪೇಟೆಯ ಕಡೆ ಶೀಳನೆರೆಯವಳು. ದಿಲೀಪನ ಅಜ್ಜಿ ಚಿಕ್ಕಬೋರಮ್ಮನ ಕೊರಳಲ್ಲಿ ಇದ್ದದ್ದು ಇದೇ ಮನೆಯಲ್ಲಿ ಮಾಡಿದ ತಾಳಿ, ಅವನ ತಾಯಿಯದೂ ಅಷ್ಟೆ. ಆ ಮುದುಕಿ ಮೊಮ್ಮಗನಿಗೆ ಹೆಣ್ಣು ಗೊತ್ತಾದ ದಿನವೇ ಆಚಾರ್ರಿಗೆ ಹೇಳಿ ಕಳಿಸಿದ್ದಳು.

ಭಂಡಾರದ ಭಾನುವಾರ ಬಂತು. ಅಂಗಡಿಯೊಳಗೆ ಮೇಜು ಹಾಕಿ, ಶ್ರೀನಾಥನ ತಾಯಿ ಸುಬ್ಬಮ್ಮ ಕಳಿಸಿದ ಕಾಫಿ ಕುಡಿದು ಕೂತರು. ಶ್ರೀನಾಥ ಅಂದು ಚೆನ್ನಾಗಿಯೇ ಕಥೆ ನಡೆಸಿದ. ಪವಿತ್ರಳ ನೀರು ಕಾವಲಿನ ಭೂತಗಳನ್ನು ಕೊಚ್ಚಿಕೊಂಡು ಹೋಯಿತು, ದಿಲೀಪನ ಎತ್ತುಗಳು ಬಾಗಿಲಿಗೆ ಒರಗಿಸಿದ್ದ ಬಂಡೆಯನ್ನು ಎಳೆದು ಹಾಕಿದವು. ಕೊನೆಗೆ ಮೂರು ಸುತ್ತಿನ ಬೀಗ ಎದುರಿಗೆ ಬಂದಾಗ ಶ್ರೀನಾಥ ಮಾತು ನಿಲ್ಲಿಸಿ ಅಪ್ಪನ ಕಡೆ ನೋಡಿದ.

ಕಾಳ ಬೀಗ ಮುಟ್ಟುವುದಿಲ್ಲ ಎಂದರು ಆಚಾರ್ರು. ಸಲಕರಣೆಯನ್ನು ಮಂತ್ರವಾದಿನಿಗೆ ಕೊಡುತ್ತಾನಂತೆ, ಅವಳೇ ತೆರೆಯಲಂತೆ. ಅವಳಿಗೆ ಬೀಗದ ವಿದ್ಯೆ ಬರುವುದಿಲ್ಲವಲ್ಲ ಎಂದು ಶ್ರೀನಾಥ. ಹಾಗಾದರೆ ವಾಪಸು ಹೋಗೋಣ, ಭಂಡಾರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಆಚಾರ್ರು. ಇಷ್ಟು ದೂರ ಬಂದು ಹಿಂದೆ ಹೋಗುವ ಮಾತೇ ಇಲ್ಲ ಎಂದು ದಿಲೀಪ ರೇಗಿದ. ಶ್ರೀನಾಥನ ಮುಖ ಕೆಂಪಾಗಿತ್ತು. ಆಡಲು ಇಷ್ಟವಿಲ್ಲದಿದ್ದರೆ ಹೇಳಿಬಿಡು, ಹೀಗೆ ನಾಲ್ಕು ಜನರ ಮುಂದೆ ನನ್ನ ಆಟ ಕೆಡಿಸಬೇಡ ಎಂದ. ಅಪ್ಪನಿಗೆ ಅವನು ಅಷ್ಟು ಗಡುಸಾಗಿ ಮಾತಾಡಿದ್ದು ಕಡಿಮೆ.

ಆಚಾರ್ರು ದಾಳ ತೆಗೆದುಕೊಂಡು ಉರುಳಿಸಿದರು. ಅದು ಮೇಜಿನ ಮೇಲೆ ತಿರುಗಿ ತಿರುಗಿ ಇಪ್ಪತ್ತಕ್ಕೆ ನಿಂತಿತು. ಅದಕ್ಕಿಂತ ದೊಡ್ಡದು ಆ ದಾಳದಲ್ಲಿ ಇಲ್ಲ. ದಿಲೀಪ ಮೇಜು ಗುದ್ದಿದ, ಪವಿತ್ರ ಚಪ್ಪಾಳೆ ತಟ್ಟಿದಳು. ಮೂರು ಸುತ್ತಿನ ಬೀಗ ಬೆಣ್ಣೆಯ ಹಾಗೆ ತೆರೆದುಕೊಂಡಿತು ಎಂದು ಭಾಗವತ ಇನ್ನೇನು ಹೇಳಬೇಕು, ಅಷ್ಟರಲ್ಲಿ ಆಚಾರ್ರು ತೊಡೆಯ ಮೇಲಿನ ಟವೆಲ್ಲನ್ನು ತೆಗೆದು, ಬಲಗೈಯನ್ನು ಮೇಜಿನ ಮೇಲೆ ಎತ್ತಿ ಹಿಡಿದರು.

ಅದು ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ. ಹೆಬ್ಬೆರಳೂ ತೋರುಬೆರಳೂ ಯಾರದೋ ಮಾತು ಕೇಳಿ ಕುಣಿಯುತ್ತಿದ್ದ ಹಾಗೆ, ಬಿಡದೆ.

“ದಾಳ ಇಪ್ಪತ್ತು ಅಂತು. ಕೈ ಅನ್ನಲ್ಲ ಕಣ್ಲಾ” ಎಂದರು ಆಚಾರ್ರು. “ಚಿಮುಟ ಇಡ್ದು ಬೆಸ್ಗೆ ಆಕಾಕಾಗಲ್ಲ. ಯುಗಾದಿಯಿಂದ್ಲೂ ಇಂಗೇಯ, ಈಗೀಗ ಜಾಸ್ತಿ ಆಗೈತೆ. ಬುದ್ವಾರ ತಾಳಿ ಐತೆ.”

ತಾಳಿ ಕಟ್ಟಬೇಕಾದ ಗಂಡು ಆ ಮೇಜಿನಲ್ಲೇ ಕೂತಿದ್ದ, ಅವನ ಮುಂದೆಯೇ ಆಚಾರ್ರು ಅದನ್ನು ಹೇಳಿದ್ದರು. ಶ್ರೀನಾಥನಿಗೆ ಬೇಸಿಗೆಯ ತಾಳಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎರಡರಷ್ಟು ಹೊತ್ತು ಹಿಡಿದದ್ದು ನಯಕ್ಕಲ್ಲ. ಅಪ್ಪ ಕೆಲಸವನ್ನು ತನ್ನ ಕಡೆ ಸರಿಸಿದ್ದೂ ನಂಬಿಕೆಯಿಂದಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಆಟದ ನೆಪದಲ್ಲಿ ಹೇಳಲು ಬಂದ ಅಪ್ಪನಿಗೆ ತಾನು ನಿಯಮ ಓದಿ ಹೇಳಿದ್ದೆ ಎಂದು ಅವನಿಗೆ ನಾಚಿಕೆಯಾಯಿತು. ಏನಾದರೂ ಹೇಳಬೇಕಿತ್ತು. ಮಗನಾಗಿ ಹೇಳಲು ಅವನಿಗೆ ಒಂದು ಮಾತೂ ಸಿಗಲಿಲ್ಲ. ಭಾಗವತನಾಗಿ ಒಂದೇ ಒಂದು ಪ್ರಶ್ನೆ ಗೊತ್ತಿತ್ತು, ಅದನ್ನೇ ಕೇಳಿದ.

“ಎಂಟಕ್ಕೆ ಇಳಿಸ್ತೀನಿ ಅಪ್ಪ. ಬದಲಿಗೆ ಏನ್ ತಗೋತೀಯ?”

ಈ ಸಲ ಆಚಾರ್ರು ಏನೂ ಬೇಡ ಎನ್ನಲಿಲ್ಲ. ಕೈಯನ್ನು ಮೇಜಿನ ಮೇಲೆ ಇಳಿಸಿದರು.

“ಕಾಳುಂಗೊಬ್ಬ ಮಗ ಇರ್ಲಿ. ಬೀಗ ಅವನ್ ತೆಗೀಲಿ. ಕಾಳ ಪಕ್ದಲ್ ನಿಂತ್ಕತಾನೆ.”

ಹಾಗೆ ಇನ್ನೊಬ್ಬ ಮನುಷ್ಯನನ್ನೇ ಬದಲಿಗೆ ತೆಗೆದುಕೊಳ್ಳಬಹುದು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಶ್ರೀನಾಥ ಕಾಳನ ಹಾಳೆಯಲ್ಲಿ ಹದಿನೆಂಟನ್ನು ಹೊಡೆದುಹಾಕಿ ಎಂಟು ಎಂದು ಬರೆದ. ಅದರ ಕೆಳಗೆ ಮಗ ಎಂದು ಬರೆದು, ಎಷ್ಟು ಅಂಕ ಕೊಡಬೇಕೋ ತಿಳಿಯದೆ ಪೆನ್ನು ಹಿಡಿದುಕೊಂಡೇ ಕೂತ. ಪವಿತ್ರ ಕಣ್ಣೊರೆಸಿಕೊಂಡು, ಕೊನೆಯ ಬಸ್ಸು ತಪ್ಪುತ್ತದೆ ಎಂದು ಎದ್ದಳು, ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸುಬ್ಬಮ್ಮನಿಗೆ ಇದು ಹೊಸ ಸುದ್ದಿಯಲ್ಲ. ಗಂಡನ ಜೊತೆ ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದವಳು ಅವಳೇ. ಗುಳಿಗೆಯಿಂದ ಕಡಿಮೆಯಾದರೂ ಆಗಬಹುದು, ಪೂರ್ತಿ ಹೋಗುವುದಿಲ್ಲ ಎಂದಿದ್ದರಂತೆ. ತಿಂಗಳುಗಳಿಂದ ತಾನು ಕಾಫಿಯನ್ನು ಅರ್ಧ ಲೋಟವೇ ಕೊಡುತ್ತಿದ್ದೇನೆ, ತುಂಬಿಸಿದರೆ ತುಳುಕುತ್ತದೆ, ನೀನು ಅದನ್ನೂ ನೋಡಲಿಲ್ಲವಲ್ಲ ಎಂದು ಮಗನಿಗೆ ಹೇಳಿದಳು. ಬೈದು ಹೇಳಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ದಿಲೀಪ ಒಳ್ಳೆಯ ಗೆಳೆಯ, ಆದರೆ ಒಳ್ಳೆಯತನ ಹೆಚ್ಚಾದಾಗ ಸುಳ್ಳು ಹೇಳುವ ಜಾತಿಯವನು. ಸೋಮವಾರ ಬೆಳಿಗ್ಗೆಯೇ ಫೋನು ಮಾಡಿ ಉಪಾಯ ಹೇಳಿದ. ತನಗೆ ಸೀನ ಮಾಡಿದರೂ ಅದೇ ತಾಳಿ, ಅರ್ಪಿತಳಿಗೂ ಅಷ್ಟೆ. ತೊಂದರೆ ಅಜ್ಜಿಯದು. ಅಪ್ಪ ಇರುವಾಗಲೇ ಮಗ ತಾಳಿಗೆ ಕೂತ ಎಂದರೆ ಅವಳು ಅಪಶಕುನ ಅನ್ನುತ್ತಾಳೆ, ಆಚಾರ್ರ ಕೈ ಬಿತ್ತು ಎಂದು ಊರೆಲ್ಲ ಸುದ್ದಿಯಾಗುತ್ತದೆ. ಅದಕ್ಕೆ, ಬೆರಳು ಸುಟ್ಟುಕೊಂಡಿದ್ದಾರೆ ಎಂದು ಬಟ್ಟೆ ಸುತ್ತಿಬಿಡಿ. ಗಾಯವಾದಾಗ ಮಗ ಕೂತರೆ ಯಾರೂ ಆಡಿಕೊಳ್ಳುವುದಿಲ್ಲ. ಶ್ರೀನಾಥನಿಗೂ ಇದೇ ಸರಿ ಎನ್ನಿಸಿತು. ಅಪ್ಪನ ಮಾನ ಉಳಿಯಬೇಕು, ಅಷ್ಟೆ ಅವನಿಗೆ ಬೇಕಾಗಿದ್ದದ್ದು. ಬುಧವಾರ ಬೆಳಿಗ್ಗೆ ಸುಬ್ಬಮ್ಮ ಗಂಡನ ಬೆರಳುಗಳಿಗೆ ಅರಿಸಿನ ಬಳಿದು ಬಿಳಿ ಬಟ್ಟೆ ಸುತ್ತಿದಳು. ಆಚಾರ್ರು ಕೈ ಚಾಚಿ ಕೂತಿದ್ದರು.

ಚಿಕ್ಕಬೋರಮ್ಮ ದಿಲೀಪನ ಜೊತೆ ಕಾರಿನಲ್ಲಿ ಬಂದಿಳಿದಳು. ತಟ್ಟೆಯನ್ನು ತಾನೇ ಹೊತ್ತು ತಂದು ಅಂಗಡಿಯೊಳಗೆ ಚಾಪೆಯ ಮೇಲೆ ಇಟ್ಟು, ಉಸಿರು ತಿರುಗಿಸಿಕೊಂಡ ಮೇಲೆ ಆಚಾರ್ರ ಕೈ ನೋಡಿದಳು. ಶ್ರೀನಾಥ ಕಲಿತಿದ್ದ ಪಾಠ ಒಪ್ಪಿಸಿದ. ಬೆಸುಗೆಯ ಬೆಂಕಿ ತಗಲಿತು, ಏನೂ ಗಾಬರಿಯಿಲ್ಲ, ಇದೊಂದು ಸಲಕ್ಕೆ ತಾನು ಕೂರುತ್ತೇನೆ.

ಅವರು ಎಲ್ಲವನ್ನೂ ಲೆಕ್ಕ ಹಾಕಿದ್ದರು, ಮುದುಕಿಯ ಪ್ರೀತಿಯನ್ನೊಂದು ಬಿಟ್ಟು. ಚಿಕ್ಕಬೋರಮ್ಮ ಅಯ್ಯೋ ಪಾಪ ಎಂದು ಮರುಗಿ, ಲೋಳೆಸರದ ತಿರುಳು ಹಚ್ಚಿ ಎಂದು ಸುಬ್ಬಮ್ಮನಿಗೆ ಹೇಳಿ, ಇಟ್ಟಿದ್ದ ತಟ್ಟೆಯನ್ನು ಮತ್ತೆ ಎತ್ತಿಕೊಂಡಳು.

“ವಾಸಿ ಆಗ್ಲಿ ಬುಡಪ್ಪ. ಬರೋ ಸುಕ್ರವಾರ ಬಿಟ್ಟು ಮುಂದಿನ್ ಸುಕ್ರವಾರ ಒಳ್ಳೆ ದಿನ ಐತೆ. ಬತ್ತೀವಿ. ನಿನ್ ಕೈಯಾಗೇ ಆಗ್ಬೇಕು ನನ್ ಮೊಮ್ಮಗುಂದು.”

ದಿಲೀಪ ಶ್ರೀನಾಥನ ಮುಖ ನೋಡಿದ, ಶ್ರೀನಾಥ ಅವನ ಮುಖ ನೋಡಿದ. ಸುಳ್ಳಿಗೆ ಇನ್ನೊಂದು ಸುಳ್ಳು ಹುಡುಕಬೇಕಿತ್ತು, ಇಬ್ಬರಿಗೂ ಹೊಳೆಯಲಿಲ್ಲ. ಮುದುಕಿ ಹೊಸ್ತಿಲ ಕಡೆ ಹೊರಟೇಬಿಟ್ಟಿದ್ದಳು. ಆಗ ಆಚಾರ್ರು ಅವಳನ್ನು ಕೂತುಕೊಳ್ಳಲು ಹೇಳಿ, ಹಲ್ಲಿನಿಂದ ಗಂಟು ಕಚ್ಚಿ, ಬೆರಳಿನ ಬಟ್ಟೆ ಬಿಚ್ಚತೊಡಗಿದರು. ಸುತ್ತು ಬಿಚ್ಚಿದಂತೆಲ್ಲ ಕೈ ಕುಣಿಯುತ್ತಿತ್ತು. ಬಟ್ಟೆ ಪೂರ್ತಿ ಕಳಚಿದಾಗ ಸುಟ್ಟ ಗಾಯ ಎಲ್ಲೂ ಇರಲಿಲ್ಲ, ಅರಿಸಿನ ಮಾತ್ರ ಇತ್ತು.

“ಸುಟ್ಟಿಲ್ಲ ಕಣವ್ವ. ನಡುಗ್ತೈತೆ. ಡಾಕ್ಟ್ರು 'ಇದು ವಾಸಿ ಆಗಲ್ಲ' ಅಂದವ್ರೆ” ಎಂದರು. “ಬ್ಯಾಸ್ಗೇಲಿ ಮಾಡ್ದೋವೆಲ್ಲ ಎಂಗೋ ಏಗಿ ಮಾಡ್ದೆ. ನಿನ್ ಮೊಮ್ಮಗುಂದ ಅಂಗ್ ಮಾಡಾಕೆ ಮನಸ್ ಬರ್ನಿಲ್ಲ. ನಾನ್ ಸಾಯೋ ಗಂಟ ಕಾಯೋದಾದ್ರೆ ಕಾಯಿ. ಇಲ್ಲಾಂದ್ರೆ ಇವತ್ತು ಇವ್ನ್ ಕೈಲಿ ಮಾಡಿಸ್ಕ.”

ಚಿಕ್ಕಬೋರಮ್ಮ ಆ ಕೈಯನ್ನೇ ನೋಡಿದಳು. ಸೊಸೆಯ ತಾಳಿ ಮಾಡಿದ ಕೈ ಅದು. ಅಪಶಕುನ ಎಂದು ಅವಳು ಅನ್ನುತ್ತಾಳೆ ಎಂದು ಶ್ರೀನಾಥ ಕಾಯುತ್ತ ನಿಂತಿದ್ದ. ಅವಳ ಬಾಯಿಂದ ಬಂದದ್ದು ಬೇರೆ ಪ್ರಶ್ನೆ. ಮಗನ ಕೈ ಹೇಗಿದೆ ಎಂದು ಕೇಳಿದಳು. ನನ್ನದಕ್ಕಿಂತ ನಿಧಾನ, ಆದರೆ ಗಟ್ಟಿ ಎಂದರು ಆಚಾರ್ರು. ಮಗನನ್ನು ಅವರು ಇನ್ನೊಬ್ಬರ ಮುಂದೆ ಹೊಗಳಿದ್ದನ್ನು ಆ ಅಂಗಡಿ ಅಲ್ಲಿಯ ತನಕ ಕೇಳಿರಲಿಲ್ಲ. ಮುದುಕಿ ತಟ್ಟೆಯನ್ನು ತಂದು ಶ್ರೀನಾಥನ ಮುಂದೆ ಇಟ್ಟು, ಆಚಾರ್ರ ಕಡೆ ತಿರುಗಿದಳು.

“ನೀನ್ ಎದ್ದೋಗ್ಬ್ಯಾಡ. ನನ್ ಪಕ್ದಾಗೆ ಕೂತ್ಕ.”

ಆಚಾರ್ರು ಮಣೆ ಬಿಟ್ಟು ಎದ್ದರು. ಅವರು ಏಳುವಾಗ ಶ್ರೀನಾಥ ರಟ್ಟೆ ಹಿಡಿಯಲು ಹೋದ, ಬೇಡ ಎಂದು ಸರಿಸಿ ತಾವೇ ಎದ್ದು, ಗಿರಾಕಿಗಳು ಕೂರುವ ಚಾಪೆಗೆ ಹೋಗಿ ಮುದುಕಿಯ ಪಕ್ಕ ಕೂತರು. ಆ ಅಂಗಡಿಯನ್ನು ಅಲ್ಲಿಂದ ಅವರು ಯಾವತ್ತೂ ನೋಡಿರಲಿಲ್ಲ.

ಶ್ರೀನಾಥ ಮಣೆಯ ಮೇಲೆ ಕೂತ. ಹಲಗೆ ಇನ್ನೂ ಬೆಚ್ಚಗಿತ್ತು. ದೇವರಿಗೂ ಕುಲುಮೆಗೂ ಕೈ ಮುಗಿದು ಸುತ್ತಿಗೆ ಎತ್ತಿದ. ಆಟದಲ್ಲಾದರೆ ದಾಳ ಉರುಳಿಸಿ ಆಯಿತು ಎನ್ನಬಹುದಿತ್ತು, ಇಲ್ಲಿ ಚಿನ್ನ ಒಂದೇ, ಏಟೂ ಒಂದೇ. ಮೊದಲ ಏಟು ಬಿದ್ದ ಮೇಲೆ ಹೆದರಿಕೆ ಕಡಿಮೆಯಾಯಿತು, ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡುತ್ತ ಹೋಯಿತು. ತಗಡು ಬಡಿದು, ಬಟ್ಟಲು ಮಾಡಿ, ಕೊಂಡಿ ಸುತ್ತಿ, ಅಂಚಿಗೆ ಸಣ್ಣ ಗುಂಡುಗಳನ್ನು ಜೋಡಿಸಿ, ಊದುಗೊಳವೆಯಿಂದ ಬೆಂಕಿ ಊದಿದ. ಬೆಸುಗೆ ಹರಿಯುವ ಆ ಒಂದು ಚಣದಲ್ಲಿ ಅಭ್ಯಾಸಬಲದಿಂದ ಅಪ್ಪನ ಕಡೆ ನೋಡಿದ. ಅಪ್ಪ ಏನೂ ಹೇಳಲಿಲ್ಲ, ಮುದುಕಿಯ ಹಾಗೆಯೇ ಅವರೂ ಬೆಂಕಿಯನ್ನು ನೋಡುತ್ತಿದ್ದರು. ಮಾತು ಬಾರದ್ದು ಕಂಡು ಅವನಿಗೆ ತಾನು ಒಬ್ಬನೇ ಎಂದು ತಿಳಿಯಿತು.

ಹೊಳಪು ಕೊಟ್ಟು ಮುಗಿಸಿದಾಗ ಬಿಸಿಲು ಅಂಗಡಿಯ ಮೆಟ್ಟಿಲಿಗೆ ಬಂದಿತ್ತು. ಚಿಕ್ಕಬೋರಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡು, ಚೆನ್ನಾಗೈತೆ ಕಣಪ್ಪ ಎಂದು ಮೊಮ್ಮಗನ ಕೈಗೆ ಕೊಟ್ಟಳು. ದಿಲೀಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಶ್ರೀನಾಥನ ಭುಜಕ್ಕೆ ಒಂದು ಗುದ್ದು ಗುದ್ದಿದ. ಆಮೇಲೆ ಆಚಾರ್ರು ಕೈ ನೀಡಿದರು. ನಡುಗುವ ಅಂಗೈಯಲ್ಲಿ ತಾಳಿ ನಿಲ್ಲದೆ ಹೊರಳಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಕನ್ನಡಕ ಮೇಲೆತ್ತಿ, ತಿರುಗಿಸಿ ತಿರುಗಿಸಿ ನೋಡಿದರು. ನೋಡಿ ಮಗನ ಕಡೆ ಚಾಚಿದರು.

“ಬಲಗಡೆ ಗುಂಡುಗೆ ಬೆಂಕಿ ಒಂಚೂರು ಜಾಸ್ತಿ ಆಯ್ತು” ಎಂದರು. “ಮುಂದಿನ್ ತಾಳೀಲಿ ನೋಡ್ಕ.”

ಶ್ರೀನಾಥ ಆಗಲಿ ಎಂದ. ಮುಂದಿನ ತಾಳಿಯೂ ನಿನ್ನದೇ ಎಂಬ, ಮೀಸೆ ಬಂದಾಗಿನಿಂದ ಕಾದಿದ್ದ ಮಾತು ಅದು. ಬಂದ ಮೇಲೆ, ಬಾರದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿ, ಅವನು ತಲೆ ತಗ್ಗಿಸಿ ಆರಿದ ಕೆಂಡವನ್ನು ಸುಮ್ಮನೆ ಕೆದಕುತ್ತ ಕೂತ.